ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ: ಗುಂಡಿಯೊಳಗೆ ಹುಡುಕಲು

ದೊಡ್ಡ ಮೆಟಲ್ ಡಿಟೆಕ್ಟರ್ ನಾಣ್ಯವಿರುವ ಜಾಗವನ್ನು ಅಂದಾಜಾಗಿ ತೋರಿಸುತ್ತದೆ, ಅಷ್ಟೆ. ಅಗೆದ ಮೇಲೆ ಅದು ಯಾವ ಹೆಂಟೆಯಲ್ಲಿ ಅಡಗಿದೆ ಎಂದು ಹೇಳುವುದು ಈ ಕಿತ್ತಳೆ ಬಣ್ಣದ ಪಿನ್‌ಪಾಯಿಂಟರ್, ಅಂದರೆ ಕೈಯಲ್ಲಿ ಹಿಡಿದು ತುದಿಯಿಂದ ಹುಡುಕುವ ಪುಟ್ಟ ಡಿಟೆಕ್ಟರ್. ಲೋಹ ಹತ್ತಿರವಾದಂತೆ ಸದ್ದು, ಕಂಪನ ಎರಡೂ ಚುರುಕಾಗುತ್ತವೆ.

ಇರುವುದು ಒಂದೇ ಬಟನ್. ಆನ್ ಮಾಡುವಾಗ ತುದಿ ಗಾಳಿಯಲ್ಲಿರಲಿ. ಸಲಿಕೆಯ ಪಕ್ಕದಲ್ಲೋ ಕಬ್ಬಿಣದ ಮೂತಿಯ ಬೂಟಿನ ಬಳಿಯೋ ಆನ್ ಮಾಡಿದರೆ ಅದನ್ನೇ ಸೊನ್ನೆ ಎಂದು ಲೆಕ್ಕ ಹಿಡಿದು ಆಮೇಲೆ ಮಂಕಾಗುತ್ತದೆ. 'ಕೆಟ್ಟಿದೆ' ಎಂಬ ದೂರುಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿರಬೇಕು. ಇದೇ ಗುಣವನ್ನು ಉಪಾಯವಾಗಿಯೂ ಬಳಸಬಹುದು: ಗುಂಡಿಯೆಲ್ಲ ಕೂಗುತ್ತಿದ್ದರೆ ಲೋಹದ ಸಮೀಪ ಹಿಡಿದೇ ಬಟನ್ ಒಮ್ಮೆ ಒತ್ತಿಬಿಡಿ; ವ್ಯಾಪ್ತಿ ಕಿರಿದಾಗಿ ತುದಿ ಮುಟ್ಟುವಷ್ಟು ಹತ್ತಿರ ಹೋದಾಗ ಮಾತ್ರ ಕೂಗುತ್ತದೆ. ಉಪ್ಪುನೀರಿನಲ್ಲೂ ಹಾಗೇ, ತುದಿ ಮುಳುಗಿಸಿದ ಮೇಲೆ ಒತ್ತಬೇಕು.

ಸೂಕ್ಷ್ಮತೆಗೆ ಮೂರು ಹಂತ. ಕಬ್ಬಿಣಾಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಗರಿಷ್ಠ ಹಂತ ಸುಮ್ಮಸುಮ್ಮನೆ ಕೂಗಬಹುದು, ಇಳಿಸಿಕೊಳ್ಳಿ. ಮೊಳೆಯೋ ಬೆಳ್ಳಿಯೋ ಎಂದು ಇದು ಹೇಳುವುದಿಲ್ಲ. ಎರಡಕ್ಕೂ ಒಂದೇ ಸದ್ದು. ಪಕ್ಕದ ಅಂಚು ಮಣ್ಣು ಕೆರೆಯಲಿಕ್ಕೆಂದೇ ಇದೆ. ಆದರೆ ನಾಣ್ಯದ ಅಂಚು ಕಂಡ ಮೇಲೆ ಬೆರಳೇ ವಾಸಿ, ಒಂದು ಗೀರಿಗೆ ನಾಣ್ಯದ ಬೆಲೆ ಅರ್ಧಕ್ಕಿಳಿದೀತು.

6 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಬ್ಯಾಟರಿ ಮುಚ್ಚಳದ ರಬ್ಬರ್ ಉಂಗುರದಲ್ಲಿ ಮರಳಿನ ಕಣ ಸಿಕ್ಕಿಕೊಳ್ಳದಿದ್ದರೆ. 9 ವೋಲ್ಟ್ ಬ್ಯಾಟರಿ ಬೇಕು. ತಿಂಗಳುಗಟ್ಟಲೆ ಎತ್ತಿಡುವಾಗ ತೆಗೆದಿಡಿ. ಆನ್ ಇದ್ದಾಗಲೇ ಹುಲ್ಲಿನಲ್ಲಿ ಮರೆತು ಹೋದರೆ 5 ನಿಮಿಷದ ಬಳಿಕ ತಾನೇ ಚಿಲಿಪಿಲಿ ಎನ್ನುತ್ತದೆ.