ಮಾಮಿಯಾ ಆರ್‌ಝಡ್67: ಒಂಬತ್ತು ವರ್ಷ ಫ್ಯಾಷನ್ ಶೂಟ್‌ಗೆ ಬಳಸಿದ ಮೇಲೆ

ಬಟ್ಟೆ ಬ್ರ್ಯಾಂಡ್‌ಗಳಿಗೆ ಕ್ಯಾಟಲಾಗ್ ಮತ್ತು ಜಾಹೀರಾತಿನ ಫೋಟೋ ತೆಗೆಯುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಸೆಕೆಂಡ್ ಹ್ಯಾಂಡ್ ಮಾಮಿಯಾ ಆರ್‌ಝಡ್67 ಬಳಸುತ್ತಿದ್ದೇನೆ. ಇದು 1982ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ. ನಾಲ್ಕು ವರ್ಷದಿಂದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್ ಕೂಡ ಜೊತೆಗಿದೆ, ಅದು 102 ಮೆಗಾಪಿಕ್ಸೆಲ್ ಡಿಜಿಟಲ್. ಎಷ್ಟೋ ಸಲ ಒಂದೇ ಮಾಡೆಲ್, ಒಂದೇ ಡ್ರೆಸ್, ಒಂದೇ ಬೆಳಕಿನಲ್ಲಿ ಎರಡರಲ್ಲೂ ತೆಗೆದಿದ್ದೇನೆ.

ಫಿಲ್ಮ್ ಅಂದ ಕೂಡಲೇ ಎಲ್ಲರೂ ಕೇಳುವುದು ಗ್ರೇನ್, ಅಂದರೆ ಫೋಟೋದಲ್ಲಿ ಕಾಣುವ ಸಣ್ಣ ಕಣಗಳ ಬಗ್ಗೆ. ಈ ಕ್ಯಾಮೆರಾದ 6×7 ಸೆಂ.ಮೀ. ನೆಗೆಟಿವ್ ಅಷ್ಟು ದೊಡ್ಡದಿರುವಾಗ, ಕೊಡಾಕ್ ಪೋರ್ಟ್ರಾ 400 ಕಲರ್ ಫಿಲ್ಮ್ ಹಾಕಿದರೆ ಗ್ರೇನ್ ಕಣ್ಣಿಗೆ ಬೀಳುವುದೇ ಕಡಿಮೆ. ನನಗೆ ಬೇಕಾದದ್ದು ಚರ್ಮದ ಮೇಲಿನ ಬೆಳಕು. ಕೆನ್ನೆಯ ಮೂಳೆ, ಭುಜ, ಸ್ಯಾಟಿನ್ ಬಟ್ಟೆಯ ಮಡಿಕೆ, ಇಂಥ ಕಡೆ ಹೊಳಪು ಮೆಲ್ಲಗೆ ಬಿಳಿಗೆ ತಿರುಗುತ್ತದೆ. ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಡಿಜಿಟಲ್‌ನಲ್ಲಿ ಒಂದು ಮಿತಿ ದಾಟಿದರೆ ಬಿಳಿ ಅಂದರೆ ಬಿಳಿ, ಅಲ್ಲಿ ವಿವರ ಮತ್ತೆ ಸಿಗುವುದಿಲ್ಲ. ಅದಕ್ಕೇ ಡಿಜಿಟಲ್‌ಗೆ ಹೊಳಪು ನೋಡಿ ಎಕ್ಸ್‌ಪೋಶರ್ ಇಡುತ್ತೇನೆ, ಫಿಲ್ಮ್‌ಗೆ ನೆರಳು ನೋಡಿ. ಪೋರ್ಟ್ರಾ 400 ಹಾಕಿದಾಗ ಬೆಳಕು ಅಳೆಯುವ ಮೀಟರ್‌ನಲ್ಲಿ ಫಿಲ್ಮ್‌ನ ವೇಗ 200 ಅಂತ ಇಟ್ಟುಕೊಳ್ಳುತ್ತೇನೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಬಿದ್ದರೂ ಅದು ಆರಾಮಾಗಿ ತಡೆದುಕೊಳ್ಳುತ್ತದೆ. ಅದೇ ಕಡಿಮೆ ಬಿದ್ದರೆ ಕಪ್ಪು ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು, ಒಂದು ರೋಲ್‌ಗೆ ಹತ್ತೇ ಫ್ರೇಮ್. ಮೊದಲ ವರ್ಷ ಇದು ತೊಂದರೆ ಅನ್ನಿಸಿತ್ತು, ಈಗ ಇದೇ ನನಗೆ ಇಷ್ಟ. ಕನ್ನಡಿ ಮೇಲೇಳುವ ಸದ್ದು ಜೋರಾಗಿದೆ. ಆ ಸದ್ದು ಕೇಳಿದಾಗ ಮಾಡೆಲ್‌ಗೆ ಒಂದು ಫೋಟೋ ಆಯಿತು ಅಂತ ಗೊತ್ತಾಗುತ್ತದೆ. ನಾನು ಲಿವರ್ ಎಳೆಯುವಷ್ಟರಲ್ಲಿ ಅವರು ಮುಂದಿನ ಭಂಗಿಗೆ ಬಂದು ನಿಂತಿರುತ್ತಾರೆ, ಪೂರ್ತಿಯಾಗಿ. ಡಿಜಿಟಲ್‌ನಲ್ಲಿ ಒಂದು ಭಂಗಿ ಮುಗಿಯುವ ಮುಂಚೆಯೇ ಇನ್ನೊಂದು ಶುರು. ರೋಲ್ ಬದಲಿಸುವಾಗ ಮೇಕಪ್‌ನವರು ಒಳಗೆ ಬರುತ್ತಾರೆ, ಸ್ಟೈಲಿಸ್ಟ್ ಸೆರಗು ಸರಿಮಾಡುತ್ತಾರೆ, ಮಾಡೆಲ್ ಭುಜ ಸಡಿಲ ಮಾಡಿಕೊಳ್ಳುತ್ತಾರೆ. ನಂತರದ ರೋಲ್‌ನ ಮೊದಲ ಎರಡು ಮೂರು ಫ್ರೇಮ್ ಬಹಳ ಸಲ ಚೆನ್ನಾಗಿ ಬರುತ್ತವೆ.

ವ್ಯೂಫೈಂಡರ್ ಬಗ್ಗೆಯೂ ಹೇಳಬೇಕು. ಮೇಲಿನಿಂದ ಬಗ್ಗಿ ನೋಡುವುದರಿಂದ ಕ್ಯಾಮೆರಾ ಎದೆಯ ಅಥವಾ ಸೊಂಟದ ಮಟ್ಟದಲ್ಲಿರುತ್ತದೆ. ಪೂರ್ತಿ ಉಡುಪು ತೋರಿಸುವ ಫೋಟೋಗೆ ಇದು ಬಹಳ ಒಳ್ಳೆಯದು, ಕಾಲುಗಳು ಗಿಡ್ಡ ಕಾಣುವುದಿಲ್ಲ. ಎಡ ಬಲ ಅದಲು ಬದಲಾಗಿ ಕಾಣುತ್ತದೆ, ಕೈಗೆ ಕೂರಲು ಕೆಲವು ತಿಂಗಳು ಬೇಕು. ಫ್ರೇಮ್ ಉದ್ದ ಬೇಕೋ ಅಡ್ಡ ಬೇಕೋ, ಫಿಲ್ಮ್ ಇರುವ ಹಿಂದಿನ ಬ್ಯಾಕ್ ಮಾತ್ರ ತಿರುಗಿಸಿದರೆ ಸಾಕು.

ಆದರೆ ಕ್ಲೈಂಟ್ ದುಡ್ಡು ಕೊಡುವುದು ಖಾತರಿಗೆ, ಅಲ್ವಾ? ಆ ಖಾತರಿ ಫಿಲ್ಮ್‌ನಲ್ಲಿ ಶೂಟ್ ದಿನ ಸಿಗುವುದಿಲ್ಲ. ಒಮ್ಮೆ ಲಿನನ್ ಜಾಕೆಟ್ ಸೊಂಟದಲ್ಲಿ ಬಿಗಿಯಾಗಿ ಕೂರಲಿ ಅಂತ ಹಿಂದೆ ಕ್ಲಿಪ್ ಹಾಕಿದ್ದೆವು. ಸ್ಕ್ಯಾನ್ ಬಂದಾಗ ನೋಡಿದರೆ ಹತ್ತರಲ್ಲಿ ಏಳು ಫ್ರೇಮ್‌ನಲ್ಲಿ ಮೊಣಕೈ ಕೆಳಗೆ ಕ್ಲಿಪ್‌ನ ತುದಿ ಕಾಣುತ್ತಿದೆ. ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಡಿಜಿಟಲ್ ಆಗಿದ್ದರೆ, ಸ್ಟೈಲಿಸ್ಟ್ ಮೊದಲ ಫ್ರೇಮ್‌ನಲ್ಲೇ ಹಿಡಿಯುತ್ತಿದ್ದರು. ರಿಟಚಿಂಗ್‌ಗೆ ಎರಡು ದಿನ ಹೋಯಿತು. ಅವತ್ತಿನಿಂದ ಪ್ರತಿ ಉಡುಪನ್ನೂ ಮೊದಲು ಡಿಜಿಟಲ್‌ನಲ್ಲಿ ಮುಗಿಸುತ್ತೇನೆ. ಎಲ್ಲರೂ ಒಪ್ಪಿದ ಮೇಲೆ ಮಾಮಿಯಾ ಕೈಗೆತ್ತಿಕೊಳ್ಳುತ್ತೇನೆ.

ಹಿಂದೆ ಈ ಪರೀಕ್ಷೆಗೆ ಕೂಡಲೇ ಫೋಟೋ ಮೂಡುವ ಇನ್‌ಸ್ಟಂಟ್ ಫಿಲ್ಮ್ ಇತ್ತು. ಫ್ಯೂಜಿಯ ಎಫ್‌ಪಿ-100ಸಿ 2016ರಲ್ಲಿ ನಿಂತ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಈಗ ಆ ಕೆಲಸ ಡಿಜಿಟಲ್‌ನದು, ಆದರೆ ಅಲ್ಲಿ ನೋಡಿದ ಬೆಳಕಿನ ಲೆಕ್ಕ ಫಿಲ್ಮ್‌ಗೆ ಹಾಗೇ ಹೊಂದುವುದಿಲ್ಲ, ಬಿಸಿಲಿನಲ್ಲಂತೂ ಇಲ್ಲ. ಮಾಮಿಯಾದ ಶಟರ್ ಲೆನ್ಸ್ ಒಳಗಿದೆ, ಹಾಗಾಗಿ 1/400 ಸೆಕೆಂಡಿನಲ್ಲೂ ಫ್ಲ್ಯಾಶ್ ಸರಿಯಾಗಿ ಹೊಂದುತ್ತದೆ. ನನ್ನ ಡಿಜಿಟಲ್‌ನಲ್ಲಿ ಆ ಮಿತಿ 1/125. ಮಧ್ಯಾಹ್ನದ ಆಕಾಶವನ್ನು ಗಾಢ ನೀಲಿ ಮಾಡಿ ಮಾಡೆಲ್ ಮೇಲೆ ಫ್ಲ್ಯಾಶ್ ಹಾಕಬೇಕಾದಾಗ ಈ ವ್ಯತ್ಯಾಸ ಬಹಳ ದೊಡ್ಡದು.

ಬಣ್ಣದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಆನ್‌ಲೈನ್ ಮಾರಾಟದ ಕ್ಯಾಟಲಾಗ್ ಡಿಜಿಟಲ್‌ನಲ್ಲೇ ಆಗಬೇಕು. ಒಂದು ಲ್ಯಾಬ್ ನನ್ನ ರೋಲ್ ಸ್ಕ್ಯಾನ್ ಮಾಡುವಾಗ ಫ್ರೇಮ್‌ಗೊಂದು ತಿದ್ದುಪಡಿ ಮಾಡಿ, ಒಂದೇ ಮರೂನ್ ಗೌನ್‌ಗೆ ಮೂರು ಬಣ್ಣ ಕೊಟ್ಟಿತ್ತು. ಕೊಂಡವರಿಗೆ ಫೋಟೋದಲ್ಲಿ ಕಂಡ ಬಣ್ಣವೇ ಸಿಗಬೇಕು, ಇಲ್ಲದಿದ್ದರೆ ಬಟ್ಟೆ ವಾಪಸ್ ಬರುತ್ತದೆ. ಈಗ ಪ್ರತಿ ರೋಲ್‌ನ ಮೊದಲ ಫ್ರೇಮ್‌ನಲ್ಲಿ ಬಣ್ಣ ಹೋಲಿಸಲು ಬೂದು ಬಣ್ಣದ ಗ್ರೇ ಕಾರ್ಡ್ ಇರುತ್ತದೆ. ತಿದ್ದದ ಸ್ಕ್ಯಾನ್ ಕೇಳಿ ಪಡೆದು, ಬಣ್ಣ ನಾನೇ ಕೂತು ಸರಿಮಾಡುತ್ತೇನೆ. ಡಿಜಿಟಲ್‌ಗೂ ಬಟ್ಟೆಯ ವಿಷಯದಲ್ಲಿ ಒಂದು ಕಾಟ ಇದೆ. ಸಣ್ಣ ನೇಯ್ಗೆಯ ಸೂಟ್ ಬಟ್ಟೆಯ ಮೇಲೆ ಮಾರೆ ಅನ್ನುವ ಅಲೆ ಅಲೆಯಾದ ಪಟ್ಟೆಗಳು ಬರಬಹುದು. ಸೆನ್ಸರ್‌ನ ಚುಕ್ಕಿಗಳು ಸಾಲಾಗಿರುವುದರಿಂದ ನೇಯ್ಗೆಯ ಸಾಲಿನ ಜೊತೆ ತಾಕಲಾಡುತ್ತವೆ. ಒಂದು ಹೆಜ್ಜೆ ಹಿಂದೆ ಸರಿದರೆ ಬಹಳ ಸಲ ಹೋಗುತ್ತದೆ. ಫಿಲ್ಮ್‌ನ ಗ್ರೇನ್‌ಗೆ ಸಾಲು ಅನ್ನುವುದೇ ಇಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಲೆನ್ಸ್ ಸೇರಿ ತೂಕ ಸುಮಾರು ಎರಡೂವರೆ ಕೆಜಿ, ಟ್ರೈಪಾಡ್ ಇಲ್ಲದೆ ಇಡೀ ದಿನ ಹಿಡಿಯಬೇಡಿ. ಶಟರ್‌ಗೆ 6 ವೋಲ್ಟ್ ಬ್ಯಾಟರಿ ಬೇಕು, ಅದು ಸತ್ತರೆ ಉಳಿಯುವುದು 1/400 ಒಂದೇ. ರೋಲ್ ಹಾಕುವಾಗ ಬೆರಳಿನಿಂದ ಒತ್ತಿ ಬಿಗಿಯಾಗಿ ಸುತ್ತಿಸಿ. ನಾನು ಅವಸರದಲ್ಲಿ ಸಡಿಲ ಬಿಟ್ಟು, ಅಂಚಿನಿಂದ ಬೆಳಕು ನುಗ್ಗಿ ಎರಡು ಫ್ರೇಮ್ ಕಳೆದುಕೊಂಡಿದ್ದೇನೆ. ವಿಮಾನ ನಿಲ್ದಾಣದಲ್ಲಿ ಬಲವಾದ ಎಕ್ಸ್‌ರೇ ಹಾಯಿಸುವ ಸಿಟಿ ಸ್ಕ್ಯಾನರ್ ಇದ್ದರೆ ಫಿಲ್ಮನ್ನು ಕೈಯಲ್ಲೇ ಪರೀಕ್ಷಿಸಲು ಕೇಳಿ.

ಈಗ ನನ್ನ ಪದ್ಧತಿ ಇಷ್ಟು: ಕ್ಯಾಟಲಾಗ್ ಪೂರ್ತಿ ಡಿಜಿಟಲ್, ಜಾಹೀರಾತಿನ ಮುಖ್ಯ ಫೋಟೋಗಳಿಗೆ ಉಡುಪಿಗೆ ಎರಡು ರೋಲ್ ಫಿಲ್ಮ್. ಫಿಲ್ಮ್ ಫೋಟೋ ನೋಡಲು ನಾಲ್ಕು ದಿನ ಕಾಯಬೇಕು ಅಂತ ಒಪ್ಪಂದದಲ್ಲೇ ಬರೆಯುತ್ತೇನೆ. ಅಷ್ಟು ಸಮಯ ಇಲ್ಲ ಅನ್ನುವವರ ಕೆಲಸಕ್ಕೆ ಮಾಮಿಯಾ ಚೀಲದಿಂದ ಹೊರಗೆ ಬರುವುದಿಲ್ಲ.