ಕೊಚ್ಚಿ ವಾಟರ್ ಮೆಟ್ರೋ: ಅಪ್ಪಯ್ಯ ಯಾರ ಕೈಯನ್ನೂ ಹಿಡಿಯದೆ ದೋಣಿ ಹತ್ತಿದರು

ಅಪ್ಪಯ್ಯನಿಗೆ 74. ಹುಟ್ಟಿದ್ದು ಹೊಳೆಯ ನಡುವಿನ ದ್ವೀಪದಲ್ಲಿ, ನಮ್ಮ ಮಾತಿನಲ್ಲಿ ಕುದ್ರುವಿನಲ್ಲಿ, ಶಾಲೆಗೆ ಹೋಗಿದ್ದು ದೋಣಿಯಲ್ಲಿ. ಆದರೂ ಕೆಲವು ವರ್ಷಗಳಿಂದ ದೋಣಿಯ ಹತ್ತಿರ ಸುಳಿದಿರಲಿಲ್ಲ. ನಮ್ಮ ಕಡೆಯ ಒಂದು ಕಡವಿನಲ್ಲಿ, ದಡದಿಂದ ದೋಣಿಗೆ ಇಟ್ಟ ಹಲಗೆ ಜಾರಿ ನೀರಿಗೆ ಬಿದ್ದಿದ್ದರು. ಎರಡೂ ಮಂಡಿ ಅದಾಗಲೇ ಸವೆದಿದ್ದವು. 'ನಂಗಿನ್ ದೋಣಿ ಬ್ಯಾಡ' ಅಂದವರು ಮತ್ತೆ ಆ ಮಾತೇ ಎತ್ತಲಿಲ್ಲ.

ತಂಗಿಗೆ ಕೊಚ್ಚಿಯ ಕಾಕನಾಡಿನಲ್ಲಿರುವ ಐಟಿ ಪಾರ್ಕ್ ಇನ್ಫೋಪಾರ್ಕಿನಲ್ಲಿ ಕೆಲಸ. ಅವಳ ಮನೆಗೆಂದು ಎರ್ನಾಕುಲಂ ಜಂಕ್ಷನ್ನಿನಲ್ಲಿ ರೈಲು ಇಳಿದು, ಪಕ್ಕದ ಎರ್ನಾಕುಲಂ ಸೌತ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆವು. ಅಲ್ಲಿಂದ ಮೂರನೇ ಸ್ಟೇಷನ್ ವೈಟಿಲ. ನನಗೆ ತುಂಬ ಹಿಡಿಸಿದ್ದು ಈ ಜಾಗ. ಮೆಟ್ರೋ ಸ್ಟೇಷನ್, ದೊಡ್ಡ ಬಸ್ ನಿಲ್ದಾಣ, ದೋಣಿಯ ಜೆಟ್ಟಿ, ಮೂರೂ ಒಂದರ ಪಕ್ಕ ಒಂದು. ನಡುವೆ ಆಟೋದವರೊಂದಿಗೆ ಚೌಕಾಶಿಯಿಲ್ಲ, ರಸ್ತೆ ದಾಟುವ ಗೋಳಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಓಡಾಡುವವರಿಗೆ ಇದರ ಬೆಲೆ ಗೊತ್ತು.

ಇಲ್ಲಿಂದ ಕಾಕನಾಡಿಗೆ ವಾಟರ್ ಮೆಟ್ರೋ, ಅಂದರೆ ಮೆಟ್ರೋ ರೈಲಿನಂತೆ ನಡೆಸುವ ದೋಣಿ ಸೇವೆ. ದೋಣಿ ಅಂದ ಕೂಡಲೇ ಅಪ್ಪಯ್ಯನ ಮುಖ ಸಣ್ಣದಾಯಿತು. ಜೆಟ್ಟಿಯ ಅಂಚಿಗೆ ಹೋಗಿ ಕೆಳಗೆ ನೋಡಿದರು. ದೋಣಿಯ ನೆಲವೂ ಜೆಟ್ಟಿಯ ನೆಲವೂ ಒಂದೇ ಮಟ್ಟ. ಇಲ್ಲಿಯ ಜೆಟ್ಟಿ ತೇಲುವಂಥದ್ದು, ಭರತಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಹಾಗಾಗಿ ಯಾವ ಹೊತ್ತಿಗೆ ಬಂದರೂ ಕಾಲು ಎತ್ತಿ ಹಾರಬೇಕಾಗಿಲ್ಲ, ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಒಳಗೆ ಹೋಗಬಹುದು. ಅಪ್ಪಯ್ಯ ಊರುಗೋಲಿನಿಂದ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಟ್ಟಿ ನೋಡಿದರು. ನಾನು ಕೈ ಚಾಚಿದೆ. ಹಿಡಿಯಲಿಲ್ಲ. ತಾವೇ ನಡೆದು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತರು.

ದೋಣಿಗೆ 100 ಜನ, ಅದರಲ್ಲಿ 50 ಸೀಟು. ಹತ್ತುವವರನ್ನು ಗೇಟೇ ಎಣಿಸುತ್ತದೆ. ಇದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ. ಈ ಸೇವೆ ಉದ್ಘಾಟನೆಯಾಗಿದ್ದು 2023ರ ಏಪ್ರಿಲ್ 25ಕ್ಕೆ. ಎರಡು ವಾರ ಕಳೆಯುವುದರೊಳಗೆ, ಮೇ 7ರಂದು, ಅದೇ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿಕೊಂಡ ಪ್ರವಾಸಿ ದೋಣಿಯೊಂದು ಮಗುಚಿ 22 ಜನ ತೀರಿಕೊಂಡರು. 'ಇನ್ನೊಬ್ರು ಬನ್ನಿ, ಜಾಗ ಇದೆ' ಅನ್ನುವ ಕೂಗು ಕೇಳಿ ಬೆಳೆದ ನಮಗೆ, ಲೆಕ್ಕ ಹಾಕಿ ಬಾಗಿಲು ಮುಚ್ಚುವ ದೋಣಿ ಎಂಥ ನೆಮ್ಮದಿ!

ಬ್ಯಾಟರಿಯಲ್ಲಿ ಓಡುವುದರಿಂದ ಡೀಸೆಲ್ ವಾಸನೆಯಿಲ್ಲ, ಕಾಲಡಿಯ ನಡುಕವಿಲ್ಲ. ಕಟ್ಟಿದ್ದು ಅಲ್ಲಿಯದೇ ಕೊಚ್ಚಿನ್ ಶಿಪ್‌ಯಾರ್ಡ್. ಅಪ್ಪಯ್ಯನ ಕಣ್ಣು ಮಾತ್ರ ಹಿಂದಿನ ನೀರಿನ ಮೇಲಿತ್ತು. ದಡದ ಹತ್ತಿರ ಒಬ್ಬರು ಸಣ್ಣ ದೋಣಿಯಲ್ಲಿ ಬಲೆ ಎಳೆಯುತ್ತಿದ್ದರು, ನಾವು ದಾಟಿದಾಗ ಅದು ಹೆಚ್ಚು ಅಲುಗಾಡಲಿಲ್ಲ. 'ಕಂಡ್ಯಾ, ಅಲೆಯೇ ಏಳುದಿಲ್ಲ' ಅಂದರು. ಜೋಡಿ ಒಡಲಿನ ದೋಣಿ, ಅಲೆ ಕಡಿಮೆ ಏಳಲಿ ಅಂತಲೇ ಹಾಗೆ ಮಾಡಿದ್ದು. ದಡ ಕೊರೆದು ಕುದ್ರು ಕರಗುವುದನ್ನು ಕಂಡವರಿಗೇ ಅದು ಮೊದಲು ಕಾಣುವುದು.

ಕಾಕನಾಡಿಗೆ ಸುಮಾರು 25 ನಿಮಿಷ, ನಾವು ಕೊಟ್ಟಿದ್ದು ತಲಾ 30 ರೂಪಾಯಿ. ಬಸ್ಸಿಗಿಂತ ದುಬಾರಿಯೇ, ಆದರೆ ವೈಟಿಲದ ಟ್ರಾಫಿಕ್ ನೋಡಿದ ಮೇಲೆ ನಾನು ತಕರಾರು ಮಾಡಲಾರೆ. ಫೋರ್ಟ್ ಕೊಚ್ಚಿಗೆ ಹೋಗುವವರು ಹೈಕೋರ್ಟ್ ಜೆಟ್ಟಿಯಿಂದ ಹತ್ತಬೇಕು. ಅದು ಮೆಟ್ರೋ ಸ್ಟೇಷನ್ನಿಗೆ ಅಂಟಿಕೊಂಡಿಲ್ಲ, ಮಂಡಿ ನೋವಿನವರು ಅಷ್ಟು ದೂರಕ್ಕೆ ಏನಾದರೂ ವಾಹನ ನೋಡಿಕೊಳ್ಳಿ. ರಜಾ ದಿನವಾದರೆ ಬೆಳಗ್ಗೆ ಬೇಗ ಹೋಗಿ, ಪ್ರವಾಸಿಗರೆಲ್ಲ ಅಲ್ಲೇ ಇರುತ್ತಾರೆ.

ವಾಪಸ್ ಹೊರಡುವ ದಿನ ತಂಗಿ ರೈಲ್ವೆ ಸ್ಟೇಷನ್ನಿಗೆ ಕಾರು ಬುಕ್ ಮಾಡಲು ಫೋನ್ ತೆಗೆದಳು. ಅಪ್ಪಯ್ಯ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. 'ಕಾರ್ ಎಂತಕೆ? ದೋಣಿಯಗೇ ಹೋಪ.'