ಸ್ವಾಲ್‌ಬಾರ್ಡ್ ಹಿಮಕರಡಿ ಫೋಟೋ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಹಿಮಕರಡಿಯನ್ನು ಫ್ರೇಮ್ ತುಂಬ ತೆಗೆಸಿಕೊಡುತ್ತೇವೆ, ಮೇ ತಿಂಗಳಲ್ಲಿ ಸ್ವಾಲ್‌ಬಾರ್ಡ್‌ಗೆ ಬನ್ನಿ ಅಂತ ಯಾರಾದರೂ ಪೋಸ್ಟರ್ ಕಳಿಸಿದರೆ ದಯವಿಟ್ಟು ಅಡ್ವಾನ್ಸ್ ಕಟ್ಟಬೇಡಿ. ಆ ಫೋಟೋವನ್ನು ಈಗ ಅಲ್ಲಿ ಕಾನೂನು ಪ್ರಕಾರ ತೆಗೆಯೋಕೆ ಆಗುವುದೇ ಇಲ್ಲ. ನಾವು ಒಂದಷ್ಟು ಜನ ಇದೇ ಮಾತಿಗೆ ದುಡ್ಡು ಕಳೆದುಕೊಂಡು ಬಂದಿದ್ದೇವೆ. ಆಯೋಜಕರು ಬೆಂಗಳೂರಿನವರು. ದೂರು ಕೊಟ್ಟಿರುವುದರಿಂದ ಹೆಸರು ಹಾಕುತ್ತಿಲ್ಲ, ಕಾಮೆಂಟಲ್ಲೂ ಕೇಳಬೇಡಿ.

ಗೊತ್ತಿಲ್ಲದವರಿಗೆ: ಸ್ವಾಲ್‌ಬಾರ್ಡ್ ಅಂದರೆ ನಾರ್ವೆಗೆ ಸೇರಿದ ದ್ವೀಪಗಳ ಗುಂಪು. ಉತ್ತರ ಧ್ರುವಕ್ಕೂ ನಾರ್ವೆಗೂ ಮಧ್ಯೆ ಇದೆ. ಮುಖ್ಯ ಊರು ಲಾಂಗ್‌ಇಯರ್‌ಬೈನ್, ಸುಮಾರು 78 ಡಿಗ್ರಿ ಉತ್ತರದಲ್ಲಿ, ಜನ ಎರಡೂವರೆ ಸಾವಿರದ ಆಸುಪಾಸು. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆಯೇ ಇಲ್ಲ. ಏಪ್ರಿಲ್ 20ರ ಹೊತ್ತಿಗೆ ಸೂರ್ಯ ಮುಳುಗುವುದನ್ನು ನಿಲ್ಲಿಸಿದರೆ ಆಗಸ್ಟ್ 22ರ ಆಸುಪಾಸಿನ ತನಕ ಮೇಲೇ ಇರುತ್ತಾನೆ. ಜಾಗ ಅದ್ಭುತ, ಅದರಲ್ಲಿ ತಕರಾರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಜನವರಿ 1ರಿಂದ ಅಲ್ಲಿ ಹೊಸ ನಿಯಮ ಜಾರಿಯಲ್ಲಿದೆ. ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಅಂದರೆ ನಮ್ಮ ಟೂರ್ ಇದ್ದ ಮೇ ತಿಂಗಳು ಪೂರ್ತಿ ಅರ್ಧ ಕಿಲೋಮೀಟರ್ ಲೆಕ್ಕ. ಕರಡಿ ಗೊತ್ತಿಲ್ಲದೆ ಹತ್ತಿರ ಕಾಣಿಸಿಕೊಂಡರೂ ನಾವೇ ಹಿಂದೆ ಸರಿಯಬೇಕು. ಬೆನ್ನಟ್ಟಿ ಹೋಗುವುದು, ಆಹಾರ ತೋರಿಸಿ ಕರೆಯುವುದು ಮೊದಲಿಂದಲೂ ಅಪರಾಧ. ಕಬಿನಿಯಲ್ಲಿ ಆನೆ ಜೀಪಿನ ಪಕ್ಕಕ್ಕೇ ಬಂದಾಗ ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದವರು ನಾವು, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

500 ಮೀಟರ್ ಅಂದರೆ ಫೋಟೋದಲ್ಲಿ ಎಷ್ಟು ಅಂತ ನೀವೇ ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್ ಇರುವ) ಕ್ಯಾಮೆರಾಗೆ 600 ಎಂಎಂ ಲೆನ್ಸ್ ಹಾಕಿದರೆ ಆ ದೂರದಲ್ಲಿ ಫ್ರೇಮಿನ ಅಗಲ 30 ಮೀಟರ್. ಕರಡಿ ಉದ್ದ ಎರಡು, ಎರಡೂವರೆ ಮೀಟರ್. ಚಿತ್ರದ ಹನ್ನೆರಡರಲ್ಲಿ ಒಂದು ಭಾಗ ಕೂಡ ಕಷ್ಟ. 100-400 ಎಂಎಂ ಲೆನ್ಸ್ ತಂದವರ ಫ್ರೇಮ್ ಪೂರ್ತಿ ಜೂಮ್ ಮಾಡಿದರೂ 45 ಮೀಟರ್ ಅಗಲ ಇರುತ್ತದೆ, ಅದರಲ್ಲಿ ಕರಡಿ ಒಂದು ಹಳದಿ ಚುಕ್ಕೆ. (ಹೌದು, ಹಳದಿ. ಹಿಮದ ಮುಂದೆ ಅದು ಬೆಳ್ಳಗೆ ಕಾಣುವುದಿಲ್ಲ.) ಕ್ರಾಪ್ ಮಾಡಿಕೊಳ್ಳೋಣ ಅಂದರೆ ಅದಕ್ಕೂ ಮಿತಿ ಇದೆ. ನೀರಿನ ಮೇಲೆ ತಣ್ಣನೆಯ ಗಾಳಿ ಕೂತಿರುತ್ತದೆ, ಗಾಳಿಯ ಪದರ ಪದರಕ್ಕೂ ಉಷ್ಣಾಂಶ ಬೇರೆ, ಆದ್ದರಿಂದ ಬೇಸಿಗೆಯ ಹೈವೇ ಮೇಲಿನಂತೆಯೇ ದೂರದ ದೃಶ್ಯ ಅಲುಗಾಡುತ್ತದೆ. ಎಷ್ಟು ಲಕ್ಷದ ಲೆನ್ಸ್ ಇದ್ದರೂ ಕೂದಲು ಶಾರ್ಪ್ ಬರುವುದಿಲ್ಲ.

ಹಿಮದಲ್ಲಿ ಪುಟ್ಟ ಕರಡಿ, ಹಿಂದೆ ದೊಡ್ಡ ಗ್ಲೇಸಿಯರ್, ಅಂಥ ಚಿತ್ರವೇ ಸಾಕು ಅನ್ನುವವರಿಗೆ ಇದು ತೊಂದರೆ ಅಲ್ಲ. ನನಗೂ ಅದೇ ಇಷ್ಟ. ಆದರೆ ನಮಗೆ ಮಾರಿದ್ದು ಅದಲ್ಲ. ಪೋಸ್ಟರಿನಲ್ಲಿ ಕರಡಿಯ ಮೂಗಿನ ಮೇಲಿನ ಗಾಯದ ಗುರುತೂ ಎಣಿಸಬಹುದಾದಂಥ ಚಿತ್ರಗಳಿದ್ದವು. ಎಲ್ಲವೂ ನಿಯಮ ಬದಲಾಗುವ ಮುಂಚಿನವು ಅಂತ ಆಮೇಲೆ ಗೊತ್ತಾಯಿತು. ದೂರದ ವಿಷಯ ಗ್ರೂಪಲ್ಲಿ ಒಬ್ಬರು ಮೊದಲೇ ಕೇಳಿದ್ದರು. ಆಯೋಜಕರ ಉತ್ತರ: "ಅದೆಲ್ಲ ಪೇಪರ್ ಮೇಲೆ ಸಾರ್, ಕ್ಯಾಪ್ಟನ್ ನಮಗೆ ಪರಿಚಯ, ಹತ್ತಿರ ಕರ್ಕೊಂಡು ಹೋಗ್ತಾರೆ." ಈ ಮೆಸೇಜಿನ ಸ್ಕ್ರೀನ್‌ಶಾಟ್ ಒಬ್ಬರ ಹತ್ತಿರ ಉಳಿದಿದ್ದೇ ಈಗ ನಮಗೆ ಆಸರೆ.

ಎಕ್ಸ್‌ಪೆಡಿಶನ್ ಹಡಗು, ಅದರಲ್ಲೇ ಮಲಗುವುದು, ನಮ್ಮ ಗುಂಪು ಮಾತ್ರ ಅಂತ ಹೇಳಿದ್ದರು. ಸಿಕ್ಕಿದ್ದು ಊರಿನ ಪಕ್ಕದ ಇಸ್‌ಫ್ಯೋರ್ಡನ್ ಅನ್ನುವ ಕಡಲ ಚಾಚಿನ ಒಳಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ದೋಣಿ. ಯಾರು ಬೇಕಾದರೂ ಟಿಕೆಟ್ ತೆಗೆದುಕೊಂಡು ಹತ್ತಬಹುದಾದದ್ದು. ನಾವು ಕಟ್ಟಿದ್ದಕ್ಕೂ ಆ ಟಿಕೆಟ್ಟಿಗೂ ಇರುವ ಅಂತರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮತ್ತೆ ಕರಡಿ ಕಾಣಲಿಲ್ಲವಾ? ಕಂಡಿತು. ಗ್ಲೇಸಿಯರ್ ಮುಂದಿನ ಮಂಜುಗಡ್ಡೆ ಮೇಲೆ, ತುಂಬ ದೂರದಲ್ಲಿ. ದೋಣಿ ನಿಂತಿತು. ನಮ್ಮ ಆಯೋಜಕರು ಗೈಡ್ ಹತ್ತಿರ ಹೋಗಿ ಇನ್ನೂ ಸ್ವಲ್ಪ ಮುಂದೆ ಹೋಗೋಣ ಅಂತ ಪಟ್ಟು ಹಿಡಿದರು, ಬೇರೆ ಪ್ರವಾಸಿಗರೆಲ್ಲ ತಿರುಗಿ ನೋಡುತ್ತಿದ್ದಾರೆ, ನಮಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಆ ಗೈಡ್ ಹುಡುಗಿ ಶಾಂತವಾಗಿ ಆಗುವುದಿಲ್ಲ ಅಂದಳು. ಎರಡನೇ ಸಲ ಕೇಳಿದಾಗ ದೂರ ಅಳೆಯುವ ಯಂತ್ರವನ್ನು ಅವರ ಕೈಗೇ ಕೊಟ್ಟಳು. ಪರಿಚಯದ ಕ್ಯಾಪ್ಟನ್ ಆ ದೋಣಿಯಲ್ಲಿ ಯಾರೂ ಇರಲಿಲ್ಲ ಅಂತ ಬೇರೆ ಹೇಳಬೇಕಾ?

ವೀಸಾ ವಿಷಯ ಇದಕ್ಕಿಂತ ಕೆಟ್ಟದ್ದು. 1920ರ ಸ್ವಾಲ್‌ಬಾರ್ಡ್ ಒಪ್ಪಂದದಿಂದಾಗಿ ಆ ದ್ವೀಪಕ್ಕೆ ಯಾರಿಗೂ ವೀಸಾ ಬೇಡ. ಇದನ್ನೇ ಹಿಡಿದುಕೊಂಡು "ವೀಸಾ ಇಲ್ಲದ ಜಾಗ" ಅಂತ ಪ್ರಚಾರ ಮಾಡುತ್ತಾರೆ. ಆದರೆ ನಾವು ಹೋಗುವುದು ಓಸ್ಲೋ ಅಥವಾ ಟ್ರೊಮ್ಸೊ ಮೂಲಕ, ಅದಕ್ಕೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕೇ ಬೇಕು. ಇನ್ನೊಂದು ವಿಷಯ ಏನೆಂದರೆ ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ ಒಳಗಿಲ್ಲ. ಓಸ್ಲೋದಿಂದ ಹೊರಟರೆ ಷೆಂಗೆನ್ ಬಿಟ್ಟ ಲೆಕ್ಕ, ವಾಪಸ್ ಬಂದರೆ ಎರಡನೇ ಪ್ರವೇಶ. ಹಾಗಾಗಿ ಕನಿಷ್ಠ ಎರಡು ಪ್ರವೇಶದ ವೀಸಾ ಇರಲೇಬೇಕು. ಸ್ಟಿಕ್ಕರಿನಲ್ಲಿ ಪ್ರವೇಶದ ಸಂಖ್ಯೆ 01 ಅಂತಿದ್ದರೆ ಹೊರಡಬೇಡಿ. 02 ಅಥವಾ ಮಲ್ಟ್ (MULT, ಅಂದರೆ ಹಲವು ಪ್ರವೇಶ) ಅಂತ ಇರಬೇಕು.

ನಮ್ಮ ಗುಂಪಿನ ಹಿರಿಯರೊಬ್ಬರ ಅರ್ಜಿಯನ್ನು ಆಯೋಜಕರೇ ತುಂಬಿದ್ದರು, ಅದಕ್ಕೆ ಬೇರೆ ಚಾರ್ಜ್ ಕೂಡ ತೆಗೆದುಕೊಂಡಿದ್ದರು. 01 ಬಂದಿತ್ತು. ಓಸ್ಲೋದ ಪಾಸ್‌ಪೋರ್ಟ್ ಕೌಂಟರಿನಲ್ಲಿ ಅಧಿಕಾರಿ ಅದನ್ನು ತೋರಿಸಿ, ಹೋದರೆ ವಾಪಸ್ ಒಳಗೆ ಬಿಡೋಕೆ ಆಗಲ್ಲ ಅಂದಾಗ ಅವರು ಅಲ್ಲೇ ಉಳಿಯಬೇಕಾಯಿತು. ಆಯೋಜಕರು ಹೇಳಿದ್ದು: "ಸ್ಟಿಕ್ಕರ್ ಚೆಕ್ ಮಾಡ್ಕೊಳ್ಳೋದು ನಿಮ್ಮ ಜವಾಬ್ದಾರಿ ಅಂಕಲ್." ರಿಟೈರ್ ಆದ ದುಡ್ಡಲ್ಲಿ ಬಂದಿದ್ದ ಮನುಷ್ಯ.

ಪೋಸ್ಟರಿನಲ್ಲಿ ನ್ಯೂ-ಓಲೆಸುಂದ್‌ನಲ್ಲಿರುವ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ ಭೇಟಿ ಅಂತಲೂ ಇತ್ತು. 2008ರಲ್ಲಿ ಶುರುವಾದ ಕೇಂದ್ರ, ಹೆಮ್ಮೆಯ ವಿಷಯವೇ, ಆದರೆ ಅದು ಪ್ರವಾಸಿಗರು ಒಳಗೆ ಹೋಗಿ ನೋಡುವ ಜಾಗ ಅಲ್ಲ. ನಮ್ಮ ದೋಣಿ ಆ ಕಡೆ ತಿರುಗಲೂ ಇಲ್ಲ. ಮುಂದೆ ಯಾರಾದರೂ ನಿಜವಾಗಿ ಆ ಊರಿಗೆ ಹೋದರೆ ನೆನಪಿರಲಿ, 20 ಕಿ.ಮೀ. ಒಳಗೆ ವೈಫೈ, ಬ್ಲೂಟೂತ್ ಎಲ್ಲ ಆಫ್. ಕ್ಯಾಮೆರಾದ್ದೂ ಸೇರಿ. ಅಲ್ಲಿನ ವಿಜ್ಞಾನ ಉಪಕರಣಗಳಿಗೆ ತೊಂದರೆ ಆಗುತ್ತದೆ. ಡ್ರೋನ್ ಆಸೆಯನ್ನೂ ಮನೆಯಲ್ಲೇ ಬಿಟ್ಟು ಬನ್ನಿ, ವಿಮಾನ ನಿಲ್ದಾಣದ 5 ಕಿ.ಮೀ. ಸುತ್ತ ಹಾರಿಸುವ ಹಾಗಿಲ್ಲ.

ಹೋಗಲೇಬೇಡಿ ಅನ್ನುತ್ತಿಲ್ಲ. ಗಿಡ್ಡ ಕಾಲಿನ ಅಲ್ಲಿನ ರೇನ್‌ಡೀರ್ ಊರೊಳಗೇ ಮನೆಗಳ ಮಧ್ಯೆ ಮೇಯುತ್ತವೆ, ಯಾವ ಟೂರೂ ಬೇಡ. ಊರಿನ ಮೇಲಿನ ಬೆಟ್ಟದ ಕಲ್ಲುಗಳಲ್ಲಿ ಲಿಟಲ್ ಆಕ್ ಹಕ್ಕಿಗಳು ಗುಂಪು ಗುಂಪಾಗಿ ಕೂಗುತ್ತಿರುತ್ತವೆ, ನಡುರಾತ್ರಿಯ ಬಿಸಿಲು ಅಡ್ಡಡ್ಡ ಬಿದ್ದಾಗ ಅವುಗಳ ಎದೆ ಹೊಳೆಯುವುದನ್ನು ನೋಡಬೇಕು. ನನ್ನ ಒಳ್ಳೆಯ ಚಿತ್ರಗಳೆಲ್ಲ ಇವೇ. ಊರಿನ ಗಡಿ ದಾಟುವುದಾದರೆ ಮಾತ್ರ ಬಂದೂಕು ಇರುವ ಸ್ಥಳೀಯ ಗೈಡ್ ಜೊತೆಯಲ್ಲೇ ಹೋಗಿ. 2020ರಲ್ಲಿ ಲಾಂಗ್‌ಇಯರ್‌ಬೈನ್‌ನ ಕ್ಯಾಂಪಿಂಗ್ ಜಾಗದಲ್ಲೇ ಕರಡಿ ದಾಳಿಗೆ ಒಬ್ಬರು ಸತ್ತಿದ್ದಾರೆ.

ಟೂರಲ್ಲೇ ಹೋಗುವುದಾದರೆ ಹಡಗಿನ ಹೆಸರು ಕೇಳಿ. ಹೆಸರು ಸಿಕ್ಕಿದರೆ ಹಡಗಿನ ಕಂಪನಿಗೆ ನೀವೇ ಮೇಲ್ ಹಾಕಿ, ನಿಮ್ಮ ತಾರೀಖಿಗೆ ಈ ಆಯೋಜಕರ ಬುಕಿಂಗ್ ಇದೆಯಾ ಅಂತ. ಇದೊಂದು ಮೇಲ್ ಹಾಕಿದ್ದರೆ ಸಾಕಿತ್ತು ಅಂತ ಈಗ ದೂರಿನ ಕಾಗದ ಜೋಡಿಸುವಾಗ ಎಲ್ಲರೂ ಹೇಳುತ್ತಿದ್ದಾರೆ. ಹವಾಮಾನ ಸರಿ ಇಲ್ಲದಿದ್ದರೆ ದುಡ್ಡು ವಾಪಸ್ ಇಲ್ಲ ಅನ್ನುವ ಷರತ್ತು ಸಹಜ, ಆದರೆ ಹಡಗೇ ಬದಲಾದರೆ ಏನು ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಹುಡುಕಾಟ, ರಕ್ಷಣೆಯ ಖರ್ಚು ಸೇರಿದೆಯಾ ಅಂತಲೂ ನೋಡಿಕೊಳ್ಳಿ.

ನಾವು ಗ್ರಾಹಕರ ಆಯೋಗಕ್ಕೆ ಆನ್‌ಲೈನ್ ಮೂಲಕ ದೂರು ಹಾಕಿದ್ದೇವೆ, ಇನ್ನೂ ವಿಚಾರಣೆಗೆ ಬಂದಿಲ್ಲ. ಅಷ್ಟರಲ್ಲೇ ಮುಂದಿನ ಮೇ ತಿಂಗಳ ಪೋಸ್ಟರ್ ಓಡಾಡೋಕೆ ಶುರುವಾಗಿದೆ, ಅದೇ ಕರಡಿ, ಅದೇ ಮೂಗು. ನಿಮ್ಮ ಗ್ರೂಪಿಗೆ ಬಂದರೆ ಆ ಫೋಟೋ ತೆಗೆದ ತಾರೀಖು ಯಾವುದು ಅಂತ ಎಲ್ಲರ ಮುಂದೆಯೇ ಕೇಳಿ.